ಮೆಲ್ಪೊಮಿನಿ: ಹಾಡುವವಳಿಗೆ ಬಂದ ಮುಖವಾಡ

ಗ್ರೀಕರ ಒಂಬತ್ತು ಕಲಾದೇವಿಯರ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ಬರೆಯಿಸುವಾಗ ನಾವು ಮೆಲ್ಪೊಮಿನಿಯ ಹೆಸರಿನೆದುರು ‘ರುದ್ರನಾಟಕ’ವೆಂದೂ ಥಾಲಿಯಳ ಹೆಸರಿನೆದುರು ‘ಹರ್ಷನಾಟಕ’ವೆಂದೂ ಬರೆಯಿಸಿ ಮುಂದೆ ಸಾಗುತ್ತೇವೆ. ಪರೀಕ್ಷೆಗೆ ಇಷ್ಟು ಸಾಕು. ನಾಟಕವನ್ನು ಓದುವುದಕ್ಕೆ ಸಾಲದು. ಈ ಖಾತೆಹಂಚಿಕೆ ಮೂಲದಲ್ಲಿ ಇರಲೇ ಇಲ್ಲ.

ಕ್ರಿ. ಪೂ. 700ರ ಸುಮಾರಿನ ಹೆಸಿಯಡ್ ಕವಿ ‘ಥಿಯಾಗೊನಿ’ಯಲ್ಲಿ ಒಂಬತ್ತು ಹೆಸರುಗಳನ್ನೂ ಹೇಳುತ್ತಾನೆ. ಇವರು ಜ್ಯೂಸ್ ದೇವನಿಗೂ ಸ್ಮೃತಿದೇವಿಯಾದ ನಿಮೊಸಿನಿಗೂ ಹುಟ್ಟಿದ ಹೆಣ್ಣುಮಕ್ಕಳು. ಆದರೆ ಮೆಲ್ಪೊಮಿನಿಗೆ ರುದ್ರನಾಟಕವನ್ನು ಅವನು ವಹಿಸಿಕೊಡುವುದಿಲ್ಲ. ವಹಿಸುವುದಾದರೂ ಹೇಗೆ? ಆಗ ರುದ್ರನಾಟಕವೇ ಹುಟ್ಟಿರಲಿಲ್ಲ! ಮೆಲ್ಪೊಮಿನಿ ಎಂಬುದಕ್ಕೆ ‘ಹಾಡಿ ಕುಣಿಯುವವಳು’ ಎಂದಷ್ಟೇ ಅರ್ಥ. ಮುಂದೆ ಅಥೆನ್ಸಿನಲ್ಲಿ ನಾಟಕ ಬೆಳೆದಾಗಲೂ ಅದರ ಅಧಿದೇವತೆ ಡಯೊನೈಸಸ್. ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿದ್ದ ರಂಗಸ್ಥಳ ಅವನ ಗುಡಿಯ ಆವರಣಕ್ಕೆ ಸೇರಿದ್ದು. ರುದ್ರನಾಟಕದ ಮುಖವಾಡ, ಎತ್ತರದ ಪಾದರಕ್ಷೆ, ಹೆರಾಕ್ಲಿಸನ ಗದೆ ಇವೆಲ್ಲ ಮೆಲ್ಪೊಮಿನಿಯ ಪಾಲಿಗೆ ಬಂದದ್ದು ಬಹುಕಾಲದ ಮೇಲೆ. ರೋಮನರ ಶಿಲಾಶವಪೆಟ್ಟಿಗೆಗಳ ಮೇಲೆ ಅವಳನ್ನು ನಾವು ಗುರುತಿಸುವುದು ಈ ಚಿಹ್ನೆಗಳಿಂದ. ಕವಿಗಳು ಮಾತ್ರ ಈ ಕಟ್ಟಿಗೆ ಪೂರ್ತಿ ಒಳಪಡಲಿಲ್ಲ. ಕ್ರಿ. ಪೂ. 23ರಲ್ಲಿ ಹೊರಬಂದ ತನ್ನ ಭಾವಗೀತೆಗಳ ಕೊನೆಯಲ್ಲಿ ಹೊರೇಸನು ತಲೆಗೆ ಲಾರೆಲ್ ಮುಡಿಸೆಂದು ಬೇಡುವುದು ಇವಳನ್ನೇ. ಅವನ ಕೀರ್ತಿಯೋ ನಾಟಕದಿಂದ ಬಂದುದಲ್ಲ.

ಇದನ್ನು ಪಂಡಿತರ ಕಾಲಗಣನೆಯೆಂದು ತಳ್ಳಿಬಿಡಲಾಗದು. ಮುಖವಾಡದಿಂದ ಹೊರಟರೆ ರುದ್ರನಾಟಕವೆಂದರೆ ನಾಯಕನ ಪತನ, ರಕ್ತ, ಗೋಳು. ಹೆಸರಿನಿಂದ ಹೊರಟರೆ ಮೇಳದ ಹಾಡು. ಎರಡನೆಯದೇ ಅಥೆನ್ಸಿನವರ ರೂಢಿಗೆ ಹತ್ತಿರವೆಂದು ನನ್ನ ಅಭಿಪ್ರಾಯ. ಅಲ್ಲಿ ನಾಟಕವಾಡಿಸಬಯಸುವ ಕವಿ ಅಧಿಕಾರಿಯನ್ನು ಕೇಳುತ್ತಿದ್ದದ್ದು ‘ಮೇಳ’ವನ್ನು, ಅನುಮತಿ ದೊರೆತರೆ ‘ಮೇಳ ಕೊಟ್ಟರು’ ಎಂದೇ ನುಡಿ. ಮೇಳದ ಶಿಕ್ಷಣದ ವೆಚ್ಚ ಒಬ್ಬ ಸಿರಿವಂತ ನಾಗರಿಕನ ಹೊಣೆ. ಸೊಫೊಕ್ಲಿಸನ ಕಾಲಕ್ಕೆ ಪಾತ್ರಗಳನ್ನೆಲ್ಲ ಹಂಚಿಕೊಳ್ಳುವ ನಟರು ಮೂವರಾದರೆ ಮೇಳದವರು 15 ಮಂದಿ!

ಅವನ ‘ಏಜಾಕ್ಸ್’ ನಾಟಕದ ಆಧಾರದಿಂದ 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದ ಬಿ. ಎಂ. ಶ್ರೀಕಂಠಯ್ಯನವರು ಮೇಳವನ್ನು ಕೈಬಿಡಲಿಲ್ಲ. ತರಗತಿಯಲ್ಲಿ ಓದಿಸುವ ನಾವೇ, ಕಥೆ ನಿಲ್ಲುತ್ತದೆಂಬ ಅವಸರದಲ್ಲಿ, ಮೇಳದ ಭಾಗವನ್ನು ಹಾರಿಸಿಬಿಡುತ್ತೇವೆ. ಮೂಲದಲ್ಲಿ ಮೇಳದವರು ಏಜಾಕ್ಸನೊಡನೆ ಸಲಾಮಿಸಿನಿಂದ ಬಂದ ನಾವಿಕರು. ಒಡೆಯನ ಆಸರೆ ತಪ್ಪಿದರೆ ಪರದೇಶದಲ್ಲಿ ಅವರಿಗೆ ಗತಿಯಿಲ್ಲ. ಮನೆಯ ಹಂಬಲವನ್ನೂ ಪ್ರಾಣಭಯವನ್ನೂ ಅವರು ಹಾಡಿಕೊಳ್ಳುತ್ತಾರೆ. ಆ ಹಾಡುಗಳನ್ನು ಬಿಟ್ಟು ಓದಿದರೆ ಒಬ್ಬ ಮಾನಧನನ ಆತ್ಮಹತ್ಯೆಯಷ್ಟೇ ಉಳಿಯುತ್ತದೆ. ಟ್ರಾಯ್ ದಡದಲ್ಲಿ ದಿಕ್ಕುಗೆಟ್ಟು ನಿಂತ ಆ ನಾವಿಕರು ಕಾಣದೆ ಹೋಗುತ್ತಾರೆ.