ಹಿಮ ಬಿದ್ದ ದಿನದ ಬರಹ

ವಿದೇಶವಾಸದ ಕನ್ನಡ ಪ್ರಬಂಧಗಳಲ್ಲಿ ಹಿಮಪಾತವು ಬಹುಮಟ್ಟಿಗೆ ನೋಟವಾಗಿಯೇ ಉಳಿದಿದೆ: ಬಿಳಿಯ ಅಂಗಳ, ಮಕ್ಕಳ ಹಿಗ್ಗು, ತವರಿನ ನೆನಪು. 2014ರ ಜನವರಿ 28ರಂದು ಅಮೆರಿಕದ ಅಟ್ಲಾಂಟಾದಲ್ಲಿ ಬಿದ್ದದ್ದು ಮೂರು ಅಂಗುಲಕ್ಕೂ ಕಡಿಮೆ ಹಿಮ. ಕಚೇರಿ, ಶಾಲೆಗಳನ್ನು ಒಂದೇ ಹೊತ್ತಿಗೆ ಬಿಟ್ಟದ್ದರಿಂದ ಹೆದ್ದಾರಿಗಳು ಕಟ್ಟಿಕೊಂಡವು. ಜನ ಕಾರು ಬಿಟ್ಟು ನಡೆದರು, ಅಂಗಡಿಗಳಲ್ಲಿ ಮಲಗಿದರು. ಅನೇಕ ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ಮಗು ಮನೆ ಸೇರದ ಅಂಥ ರಾತ್ರಿಯಲ್ಲಿ ಪರಿಚಯವಿಲ್ಲದ ನೆರೆಯವರ ಬಾಗಿಲು ತಟ್ಟಬೇಕಾದ ಗಳಿಗೆಯೇ ಪ್ರಬಂಧದ ನಿಜವಾದ ವಸ್ತು. ನಮ್ಮವರು ಅದನ್ನು ಬಿಟ್ಟು ಛಾಯಾಚಿತ್ರಕ್ಕೆ ನಿಲ್ಲುತ್ತಾರೆ. ಭಾಷೆಯ ತೊಡಕೂ ಉಂಟು: ‘ಮಂಜು’ ಎಂದರೆ ಕಾವಳವೂ ಹೌದು, ಹಿಮವೂ ಹೌದು. ಉದಕಮಂಡಲದ ಹುಲ್ಲು ಚಳಿಗಾಲದ ಮುಂಜಾನೆ ಬೆಳ್ಳಗೆ ಹೆಪ್ಪುಗಟ್ಟುವುದನ್ನು ಕಂಡ ನೀಲಗಿರಿಯ ಓದುಗರಿಗೆ ಈ ಒಂದೇ ಮಾತು ಸಾಲದು. ಯಾವ ಮಂಜು, ಕಾಲಡಿಯಲ್ಲಿ ಅದು ಜಾರಿತೋ ಕುಸಿಯಿತೋ ಎಂದು ಅವರು ಕೇಳಿಯೇ ಕೇಳುತ್ತಾರೆ.