ಲಾಂಛನವೂ ಅದರ ಅರ್ಥವೂ

ಮದ್ದೂರಿನಿಂದ ಚಿಕ್ಕರಸಿನಕೆರೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಈಚೆಗೆ ನನ್ನ ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಕುಳಿತಿದ್ದ. ಮೈಮೇಲೆ ಕರಾಟೆಯ ಬಿಳಿಯ ಉಡುಪು, ನಡುವಿಗೆ ಹಳದಿಯ ಪಟ್ಟಿ, ಎದೆಯ ಎಡಗಡೆ ಹೊಲಿದ ಒಂದು ಬಟ್ಟೆಯ ಬಿಲ್ಲೆ. ಬಿಲ್ಲೆಯ ಮೇಲೆ ಒಂದು ವೃತ್ತ. ವೃತ್ತದೊಳಗೆ ಒಂದರ ಬಾಲವನ್ನು ಇನ್ನೊಂದು ಅಟ್ಟಿಕೊಂಡು ಹೋಗುವಂತೆ ಮೂರು ಅಲ್ಪವಿರಾಮಗಳು. ಇದೇನಪ್ಪ ಎಂದು ಕೇಳಿದೆ. “ಬಾಡಿ, ಮೈಂಡು, ಸ್ಪಿರಿಟ್ಟು ಸಾರ್” ಎಂದು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ, “ಮೂರು ಗೊದಮೊಟ್ಟೆ ಸುತ್ತ್ಕೊಂಡಂಗದಲ್ಲಪ್ಪ” ಎಂದರು. ಹುಡುಗನ ಮುಖ ಸಣ್ಣದಾಯಿತು.

ನಮ್ಮ ವಿಮರ್ಶೆಯ ಎರಡು ಪಂಥಗಳೂ ಆ ಬಸ್ಸಿನಲ್ಲಿದ್ದುವು ಎಂದು ನನಗೆ ತೋರಿತು. ಒಂದು ಪಂಥಕ್ಕೆ ಕಣ್ಣಿಗೆ ಕಂಡದ್ದೇ ಎಲ್ಲ. ಇನ್ನೊಂದಕ್ಕೆ ಕಣ್ಣಿಗೆ ಕಂಡದ್ದು ಏನೂ ಅಲ್ಲ. ಕವಿತೆಯಲ್ಲಿ ಬಾವಿ ಬಂದರೆ ಅದು ಸುಪ್ತಚಿತ್ತ, ಹಾವು ಬಂದರೆ ಕಾಮ, ಮಳೆ ಬಂದರೆ ಮುಕ್ತಿ. ಪಾಪ, ಮಳೆ ಮಳೆಯಾಗಿ ಬರುವ ಹಕ್ಕನ್ನೇ ಕಳೆದುಕೊಂಡಿದೆ. ಈ ಚಿಹ್ನೆ ಯಾರದು, ಎಂದಿನದು, ಇದಕ್ಕೆ ಈ ಅರ್ಥವನ್ನು ಹೇಳಿದವರು ಯಾರು ಎಂದು ಕೇಳುವ ತಾಳ್ಮೆ ಎರಡಕ್ಕೂ ಕಡಿಮೆ. ಹುಡುಗನ ಬಿಲ್ಲೆಯ ವಿಷಯದಲ್ಲಿ ಅದನ್ನು ಕೇಳಿ ನೋಡಬಹುದು.

ಆ ಮೂರು ಅಲ್ಪವಿರಾಮಗಳು ರ್ಯೂಕ್ಯೂ ರಾಜ್ಯವನ್ನಾಳಿದ ಶೋ ಮನೆತನದ ಲಾಂಛನ. ಜಪಾನಿನ ದಕ್ಷಿಣಕ್ಕಿರುವ ಆ ದ್ವೀಪಗಳ ರಾಜ್ಯವನ್ನು ಜಪಾನ್ ಸರಕಾರ 1879ರಲ್ಲಿ ರದ್ದುಮಾಡಿ ಓಕಿನಾವಾ ಎಂಬ ಪ್ರಾಂತವನ್ನಾಗಿ ಮಾಡಿತು. ಕರಾಟೆ ಹುಟ್ಟಿ ಬೆಳೆದದ್ದು ಅಲ್ಲಿ. ಅಲ್ಲಿನ ಕರಾಟೆಯವರು ಈ ಲಾಂಛನಕ್ಕೊಂದು ಕಥೆ ಹೇಳುತ್ತಾರೆ. 1609ರಲ್ಲಿ ಸತ್ಸುಮದ ಸಾಮಂತರು ರ್ಯೂಕ್ಯೂ ಮೇಲೆ ದಂಡೆತ್ತಿ ಬಂದು ದೊರೆಯನ್ನು ಸೆರೆಹಿಡಿದು ಒಯ್ದರು. ಗೆದ್ದವರಿಗೆ ವಿಧೇಯರಾಗಿರುತ್ತೇವೆಂಬ ಪ್ರತಿಜ್ಞಾಪತ್ರಕ್ಕೆ 1611ರಲ್ಲಿ ದೊರೆಯೂ ಮಂತ್ರಿಗಳೂ ರುಜು ಹಾಕಬೇಕಾಯಿತು. ಮೂವರು ಮಂತ್ರಿಗಳಲ್ಲೊಬ್ಬನಾದ ಜಾನ ಎಂಬಾತ ಹಾಕಲಿಲ್ಲ. ಅವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ತಳ್ಳಲು ಬಂದಾಗ ಆತ ಇಬ್ಬರು ಕೊಲೆಗಡುಕರನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಹಾರಿದನಂತೆ; ಮೂರು ಹೆಣಗಳು ಎಣ್ಣೆಯಲ್ಲಿ ಗಿರ್ರನೆ ಸುತ್ತಿದುವಂತೆ. ಅದೇ ಈ ಚಿಹ್ನೆ.

ಕಥೆ ಮೈ ನವಿರೇಳಿಸುತ್ತದೆ. ಆದರೆ ಜಾನನ ತಲೆಯನ್ನು ಕತ್ತರಿಸಿದರೆಂಬುದು ಚರಿತ್ರೆಯ ಮಾತು. ಚಿಹ್ನೆಯಾದರೋ ಜಾನನಿಗಿಂತ ಬಹಳ ಹಳೆಯದು. ಜಪಾನಿನಲ್ಲಿ ಯುದ್ಧದೇವತೆ ಹಾಚಿಮಾನನ ಗುಡಿಗಳಲ್ಲಿ, ನಗಾರಿಯ ಚರ್ಮದ ಮೇಲೆ, ಮಾಡಿನ ಹೆಂಚಿನ ಅಂಚಿನಲ್ಲಿ ಅದು ಶತಮಾನಗಳಿಂದ ಸುತ್ತುತ್ತಲೇ ಇದೆ. ಹೆಂಚಿನ ಮೇಲಿರುವುದು ನೀರಿನ ಸುಳಿ, ಮನೆಗೆ ಬೆಂಕಿ ತಾಕದಿರಲೆಂದು ಬರೆದದ್ದು ಎನ್ನುವವರುಂಟು. ಹಾಗಾದರೆ ನಮ್ಮ ಹಿರಿಯರ ಗೊದಮೊಟ್ಟೆ ‘ಸ್ಪಿರಿಟ್ಟಿ’ಗಿಂತ ನೀರಿಗೆ ಹತ್ತಿರವಾಯಿತು!

ಇಷ್ಟರಿಂದ ಕೊಪ್ಪರಿಗೆಯ ಕಥೆ ಸುಳ್ಳು, ಎಸೆದುಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಅದು ಚಿಹ್ನೆಯ ಹುಟ್ಟನ್ನು ಹೇಳುವುದಿಲ್ಲ ನಿಜ. ಹೇಳಿದವರ ಎದೆಯನ್ನು ಹೇಳುತ್ತದೆ. ಸೋತ ರಾಜ್ಯ, ಅಳಿದ ಮನೆತನ, 1945ರ ಯುದ್ಧದಲ್ಲಿ ಬೆಂದ ದ್ವೀಪ, ಆಮೇಲೆ 1972ರವರೆಗೆ ಅಮೆರಿಕದವರ ಆಡಳಿತ. ಇಷ್ಟನ್ನು ಕಂಡ ಜನ ತಮ್ಮ ದೊರೆಯ ಮುದ್ರೆಯಲ್ಲಿ ರುಜು ಹಾಕದ ಒಬ್ಬನನ್ನು ಕಾಣಬಯಸಿದರು. ‘ಬಾಡಿ ಮೈಂಡು ಸ್ಪಿರಿಟ್ಟು’ ಎಂಬ ವ್ಯಾಖ್ಯಾನದ ಹಿಂದೆ ಅಂಥ ಯಾವ ನೋವೂ ಇಲ್ಲ. ಅದನ್ನು ಯಾವ ಬಿಲ್ಲೆಗೆ ಬೇಕಾದರೂ ಹೊಲಿಯಬಹುದು.

ಕರಾಟೆ ಎಂಬ ಹೆಸರಿನ ಚರಿತ್ರೆಯೂ ಇಂಥದೇ. ಮೊದಲು ಅದನ್ನು ಬರೆಯುತ್ತಿದ್ದ ಅಕ್ಷರಗಳಿಗೆ ‘ಚೀನದ ಕೈ’ ಎಂದು ಅರ್ಥ. ವಿದ್ಯೆ ಬಂದ ದಾರಿಯನ್ನು ಆ ಹೆಸರು ಒಪ್ಪಿಕೊಂಡಿತ್ತು. 1936ರ ಅಕ್ಟೋಬರ್ 25ರಂದು ನಾಹಾ ಪಟ್ಟಣದಲ್ಲಿ ಸೇರಿದ ಗುರುಗಳ ಸಭೆ, ಉಚ್ಚಾರಣೆಯನ್ನು ಹಾಗೆಯೇ ಉಳಿಸಿಕೊಂಡು, ‘ಬರಿಗೈ’ ಎಂಬ ಅರ್ಥ ಬರುವ ಅಕ್ಷರವನ್ನು ಒಪ್ಪಿತು. ಮರುವರ್ಷವೇ ಜಪಾನಿಗೂ ಚೀನಕ್ಕೂ ಯುದ್ಧ. ಹೆಸರಿನಿಂದ ಚೀನ ಹೊರಟುಹೋದದ್ದು ಆ ಕಾಲದ ಗಾಳಿಗೆ ಅನುಕೂಲವಾಗಿಯೇ ಇತ್ತು. ಓಕಿನಾವಾದಿಂದ ಟೋಕಿಯೋಗೆ ಹೋಗಿ ಈ ವಿದ್ಯೆಯನ್ನು ಹರಡಿದ ಫುನಾಕೋಶಿ ಗಿಚಿನ್ ಆ ‘ಬರಿದು’ ಎಂಬ ಅಕ್ಷರಕ್ಕೆ ಬೌದ್ಧರ ಶೂನ್ಯವನ್ನು ಹೊಂದಿಸಿದರು. ಶೂನ್ಯವೆಂದೊಡನೆ ಕನ್ನಡ ಓದುಗನಿಗೆ ಅಲ್ಲಮ ನೆನಪಾಗುತ್ತಾನೆ, ನನಗೂ ಆದ. ಆದರೆ ಒಂದು ಸಭೆಯ ನಿರ್ಣಯದಿಂದ ಬಂದ ಶೂನ್ಯವನ್ನು ಅನುಭವಮಂಟಪಕ್ಕೆ ಕರೆತರುವ ಮೊದಲು ಸ್ವಲ್ಪ ನಿಲ್ಲುವುದು ಒಳ್ಳೆಯದು.

ಇದೇ ಫುನಾಕೋಶಿಯವರ ಪಂಥಕ್ಕೆ ವೃತ್ತದೊಳಗಿನ ಹುಲಿ ಗುರುತಾಯಿತು. ಅದನ್ನು ಬರೆದವರು ಕೊಸುಗಿ ಹೋಆನ್ ಎಂಬ ಚಿತ್ರಕಾರರು. ಹುಲಿಯೆಂದರೆ ಶೌರ್ಯ ಎಂದು ಯಾರಾದರೂ ಹೇಳಿಯಾರು. ನಿಜಕ್ಕೆ ಅದೊಂದು ಶ್ಲೇಷೆ. ಒಂದು ವಿದ್ಯೆಯ ಆಧಾರಗ್ರಂಥವನ್ನು ಜಪಾನೀಯರು ‘ಹುಲಿಯ ಸುರುಳಿ’ ಎನ್ನುತ್ತಾರೆ. ಫುನಾಕೋಶಿ ಬರೆದ ಪುಸ್ತಕ ಅಂಥದಾಗಲೆಂದು ಗೆಳೆಯ ಹುಲಿಯನ್ನೇ ಬರೆದುಕೊಟ್ಟ. ನಮ್ಮ ಹಳಗನ್ನಡ ಕವಿಗಳು ಕೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

ಹೊರಗಿನವರ ಮಾತಾಯಿತು. ನಮ್ಮಲ್ಲಿ ಕರಾಟೆ ಕಲಿಸುವ ಅನೇಕರು ಇದರ ಮೂಲ ನಮ್ಮದೇ, ಕಂಚಿಯಿಂದ ಹೋದ ಬೋಧಿಧರ್ಮ ಕಲಿಸಿದ್ದು ಎನ್ನುತ್ತಾರೆ. ಬೋಧಿಧರ್ಮನಿಗೂ ಶಾವೊಲಿನ್ ಮಠದ ವ್ಯಾಯಾಮಕ್ಕೂ ಗಂಟು ಹಾಕುವ ಚೀನೀ ಗ್ರಂಥ 17ನೆಯ ಶತಮಾನದ್ದು. ಆತ ಇದ್ದನೆನ್ನುವ ಕಾಲಕ್ಕೂ ಇದಕ್ಕೂ ಸಾವಿರ ವರ್ಷಕ್ಕೂ ಮೀರಿದ ಅಂತರ. ದೂರದ ಕೀರ್ತಿಗೆ ಇಷ್ಟು ಆಸೆಪಡುವ ನಾವು ಹತ್ತಿರದ ಗರಡಿಮನೆಯನ್ನು ಓದಬಲ್ಲೆವೋ ಎಂಬುದು ಸಂದೇಹ. ಮೈಸೂರಿನ ಹಳೆಯ ಗರಡಿಗಳ ಬಾಗಿಲು ಗಿಡ್ಡ. ಎಂಥ ಜಟ್ಟಿಯಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಎದುರಿಗೆ ಹನುಮಂತ. ಹನುಮಂತನೆಂದರೆ ಬಲ, ಬ್ರಹ್ಮಚರ್ಯ ಎಂದು ಮುಗಿಸಿಬಿಡುತ್ತೇವೆ. ಆದರೆ ಆತ ತನ್ನ ಬಲ ತನಗೆ ಮರೆತುಹೋಗಿ, ಕಡಲ ದಡದಲ್ಲಿ ಜಾಂಬವಂತ ನೆನಪಿಸುವವರೆಗೆ ಸುಮ್ಮನೆ ಕುಳಿತಿದ್ದವನು. ಉಸ್ತಾದನೊಬ್ಬ ಹುಡುಗರನ್ನು ಮಣ್ಣಿಗಿಳಿಸುವ ಮನೆಯಲ್ಲಿ ಬೇರೆ ಯಾವ ದೇವರಿದ್ದರೆ ಹೊಂದೀತು?

ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೂ ಹೀಗೆಯೇ. ಹೆಸರಿನಲ್ಲಿ ಇಂದ್ರನ ವಜ್ರವಿದೆ ಎಂದು ಪಂಡಿತರು ಬಿಡಿಸಿ ಹೇಳಬಹುದು. ತಲೆ ಬೋಳಿಸಿಕೊಂಡು, ಬೆರಳಿಗೆ ಆ ಮೊನೆಯ ಆಯುಧ ಸಿಕ್ಕಿಸಿಕೊಂಡು ನಿಂತ ಜಟ್ಟಿಗಳಿಗೆ ಅದರ ಅರ್ಥ ಮೊದಲ ತೊಟ್ಟು ರಕ್ತ. ಅದು ಕಂಡೊಡನೆ ಕಾಳಗ ನಿಲ್ಲುತ್ತದೆ, ಮೆರವಣಿಗೆಗೆ ದಾರಿಯಾಗುತ್ತದೆ.

ಲಾಂಛನವನ್ನು ಕವಿ ಹೇಗೆ ಬಳಸಬಹುದೆಂಬುದಕ್ಕೆ ರನ್ನನಿಗಿಂತ ಬೇರೆ ಗುರು ಬೇಡ. ದುರ್ಯೋಧನನ ಬಾವುಟದಲ್ಲಿರುವುದು ಹಾವು. ಗದಾಯುದ್ಧದಲ್ಲಿ ಆತ ವೈಶಂಪಾಯನ ಸರೋವರದ ನೀರೊಳಗೆ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಿದ್ದಾನೆ. ಆ ಗಳಿಗೆಯಲ್ಲಿ ರನ್ನ ಅವನನ್ನು ಹೆಸರಿಟ್ಟು ಕರೆಯುವುದಿಲ್ಲ, ‘ಉರಗಪತಾಕ’ ಎನ್ನುತ್ತಾನೆ. ರಥ ಹೋಗಿದೆ, ಸೇನೆ ಹೋಗಿದೆ, ಬಾವುಟ ಎಲ್ಲಿ ಬಿತ್ತೋ ಕಂಡವರಿಲ್ಲ. ಉಳಿದಿರುವುದು ಆ ಶಬ್ದವೊಂದೇ. ಆ ಶಬ್ದದೊಳಗಿನ ಹಾವು ಈಗ ನೀರಿನಲ್ಲಿ ಅಡಗಿ ಬುಸುಗುಡುತ್ತಿದೆ. ಬಟ್ಟೆಯ ಮೇಲಿನ ಚಿತ್ರವಾಗಿದ್ದಷ್ಟು ಕಾಲ ಬರಿಯ ಗುರುತಾಗಿದ್ದದ್ದು, ಬಟ್ಟೆ ಹರಿದುಹೋದ ಮೇಲೆ ಮನುಷ್ಯನ ಸ್ವಭಾವವಾಯಿತು. ಹಾವೆಂದರೆ ಇಂಥದು ಎಂಬ ನಿಘಂಟು ಹಿಡಿದುಕೊಂಡು ಹೋದವನಿಗೆ ಇದು ಸಿಕ್ಕುವುದಿಲ್ಲ. ಹಾವು ಎಲ್ಲಿದೆ, ಯಾವಾಗ ಇದೆ ಎಂದು ನೋಡಿದವನಿಗೆ ಸಿಕ್ಕುತ್ತದೆ.

ರನ್ನನ ಕಾವ್ಯಕ್ಕಿಂತ ಹಿಂದಿನ ಒಂದು ಕಲ್ಲು ಮದ್ದೂರು ತಾಲ್ಲೂಕಿನಲ್ಲೇ ದೊರೆತದ್ದುಂಟು. ಚಿಕ್ಕರಸಿನಕೆರೆಯಂತೆ ಆತಗೂರೂ ಈ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿನ ಆ ಕಲ್ಲು, ಶಾಸನಗಳನ್ನು ಓದುವವರು ಆತಕೂರು ಶಾಸನವೆಂದು ಕರೆಯುವಂಥದು, ಕ್ರಿ.ಶ. 949-50ಕ್ಕೆ ಸೇರಿದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಕಡೆಯ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು; ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೆರ ಚೆನ್ನಾಗಿ ಹೋರಾಡಿದ. ದೊರೆ ಮೆಚ್ಚಿ ಬೇಕಾದ್ದನ್ನು ಬೇಡೆಂದಾಗ ಆತ ಬೇಡಿದ್ದು ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು. ಆಮೇಲೆ ಒಂದು ದಿನ ಬೇಟೆಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಅದಕ್ಕೆ ಭೂಮಿ ಬಿಟ್ಟ. ಕಲ್ಲಿನಲ್ಲಿ ಹಂದಿಯ ಮೇಲೆ ಬಿದ್ದ ನಾಯಿಯ ಚಿತ್ರವಿದೆ.

ಸಂಕೇತ ಹುಡುಕುವವನಿಗೆ ಇದೊಂದು ಹಬ್ಬ. ಹಂದಿ ಚಾಲುಕ್ಯರ ವರಾಹಲಾಂಛನ. ಚಾಲುಕ್ಯರನ್ನು ಕೆಡವಿ ಬಂದವರು ರಾಷ್ಟ್ರಕೂಟರು. ಆದ್ದರಿಂದ ಈ ಕಲ್ಲು ಒಂದು ರಾಜಕೀಯ ರೂಪಕ ಎಂದುಬಿಡಬಹುದು. ಇಲ್ಲವೆ ನಾಯಿ ಭೈರವನ ವಾಹನ. ಚಿಕ್ಕರಸಿನಕೆರೆಯ ದೇವರೂ ಕಾಲಭೈರವೇಶ್ವರ. ನಾಯಿಯ ಹೆಸರು ಬೇರೆ ಕಾಳಿ. ಈ ಸೀಮೆಯೆಲ್ಲ ಹಿಂದೆ ಭೈರವನ ನಾಯಿಯನ್ನು ಪೂಜಿಸುತ್ತಿತ್ತು ಎಂದು ಒಂದು ಪ್ರಬಂಧವನ್ನೇ ಬರೆಯಬಹುದು. ನಾನೂ ಒಂದು ಸಂಜೆ ಹಾಗೆ ಬರೆಯಲು ಕುಳಿತದ್ದುಂಟು. ಎರಡು ಪುಟ ಸೊಗಸಾಗಿಯೇ ಸಾಗಿತ್ತು. ಆದರೆ ಚಿಕ್ಕರಸಿನಕೆರೆಯ ಜನ ದೇವರ ಹೆಸರಿನಲ್ಲಿ ನಂಬಿ ನಡೆದುಕೊಳ್ಳುವುದು ಬಸವಪ್ಪನಿಗೆ, ನಾಯಿಗಲ್ಲ. ಕಲ್ಲಂತೂ ತನ್ನ ಅರ್ಥವನ್ನು ತಾನೇ ಬಾಯಿಬಿಟ್ಟು ಹೇಳುತ್ತಿದೆ. ಹಂದಿ ಹಂದಿಯೇ, ನಾಯಿ ನಾಯಿಯೇ. ಯುದ್ಧ ಗೆದ್ದು ಬಂದ ಒಬ್ಬ ಭಟ ಊರು ಬೇಡದೆ, ಹೊನ್ನು ಬೇಡದೆ ಬೇಡಿ ತಂದ ಪ್ರಾಣಿ ಸತ್ತುಹೋಯಿತು. ಅದನ್ನು ರೂಪಕವೆಂದು ಓದಿದೊಡನೆ ಮಣಲೆರನ ದುಃಖ ಮಾಯವಾಗುತ್ತದೆ. ವರಾಹ, ಗರುಡ, ಗಜ ಎಂದು ದೊರೆಗಳ ಮುದ್ರೆಗಳೇ ತುಂಬಿದ ಆ ಶತಮಾನದಲ್ಲಿ ಯಾರ ಮುದ್ರೆಯೂ ಅಲ್ಲದ ಒಂದು ನಾಯಿಗೆ ಕಲ್ಲು ಸಿಕ್ಕಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಶಾಸನದ ಕೊನೆಯಲ್ಲಿ ಒಂದು ಕಟ್ಟಳೆಯಿದೆ. ಆ ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಬೇಕು. ಪ್ರತಿ ದಿನ ಒಬ್ಬ ಮನುಷ್ಯ ತುತ್ತೆತ್ತುವ ಮುನ್ನ ಕಾಳಿಯನ್ನು ನೆನೆಯುವಂತೆ ಮಣಲೆರ ಏರ್ಪಾಡು ಮಾಡಿದ್ದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಅಲ್ಲಿ ಗೊರವನಿಲ್ಲ.

ಬಸ್ಸಿನ ಹುಡುಗನಿಗೆ ಈ ಕಥೆಯನ್ನು ಹೇಳಿದೆ. ಬಿಲ್ಲೆಯ ವಿಷಯಕ್ಕೆ ನೊಂದಿದ್ದವನು ಮುಖವೆತ್ತಿ ಕೇಳಿದ. ಓಕಿನಾವಾದ ಮಂತ್ರಿಯ ಕೊಪ್ಪರಿಗೆಯನ್ನೂ ಹೇಳೋಣವೆಂದಿದ್ದೆ, ಅಷ್ಟರಲ್ಲಿ ಅವನು, “ಸಾರ್, ಹಂದಿಗೂ ನಾಯಿಗೂ ಯಾರು ಗೆದ್ರು?” ಎಂದ. ಎರಡೂ ಸತ್ತವಪ್ಪ ಎಂದೆ. ಮುಂದಿನ ಸೀಟಿನ ಹಿರಿಯರು ಮತ್ತೆ ತಿರುಗಿ, “ಮತ್ತೆ ಕಲ್ಲು ನಾಯಿಗೇ ಯಾಕ್ ನೆಟ್ರು?” ಎಂದು ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಅವರ ಊರು ಬಂತು.