ಸೇತುಬಂಧ: ತಡವಾಗಿ ಬಂದ ಮಗುವಿಗೂ ಸಿಗಲಿ

ಮೇ ತಿಂಗಳ ಕೊನೆಗೆ ಸರ್ಕಾರಿ ಶಾಲೆಗಳ ಬಾಗಿಲಿಗೆ ಮಾವಿನ ತೋರಣ ಏರುತ್ತದೆ. ಅಂಗಳದಲ್ಲಿ ರಂಗೋಲಿ, ಮಕ್ಕಳ ಕೈಗೆ ಹೂವು, ಬಿಸಿಯೂಟದ ಜೊತೆ ಸಿಹಿ. ಪ್ರಾರಂಭೋತ್ಸವ ಮುಗಿದ ಕೂಡಲೇ ಸೇತುಬಂಧ ಶುರುವಾಗುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆಯಲ್ಲಿ ನೋಡಿ, ಕೊರತೆ ಇದ್ದಲ್ಲಿ ಪರಿಹಾರ ಬೋಧನೆ ಮಾಡಿ, ಸಾಫಲ್ಯ ಪರೀಕ್ಷೆ ನಡೆಸಿ ಆಮೇಲೆ ಹೊಸ ಪಾಠಕ್ಕೆ ಹೋಗುವ ಕ್ರಮ ಇದು. ಕರ್ನಾಟಕದ ಶಾಲೆಗಳಲ್ಲಿ ವರ್ಷಗಳಿಂದ ನಡೆದುಬಂದಿದೆ. ಕೊಪ್ಪಳ ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇರುವುದು ಮುನಿರಾಬಾದಿನಲ್ಲಿ. ಹಾಗಾಗಿ ಈ ಕ್ರಮ ನಮ್ಮ ಜಿಲ್ಲೆಯ ಮಕ್ಕಳಿಗೆ ಎಷ್ಟು ಒದಗುತ್ತಿದೆ ಎಂದು ಇಲ್ಲಿಂದಲೇ ಕೇಳಬೇಕು.

ಮೊದಲು ಅದರ ದೊಡ್ಡ ಗುಣವನ್ನು ಹೇಳಬೇಕು. ಮಗು ಮರೆತಿರುವುದು ಸಹಜ, ಅದಕ್ಕೆ ನೆರವಾಗುವುದು ಶಾಲೆಯ ಕೆಲಸ ಎಂದು ಸೇತುಬಂಧ ಒಪ್ಪಿಕೊಂಡಿದೆ. ಚೆನ್ನಾಗಿ ಮಾಡಿದರೆ ಅದರ ಫಲ ಕಣ್ಣಿಗೆ ಕಾಣುತ್ತದೆ. ನಾಲ್ಕನೇ ತರಗತಿಯ ಮಗುವೊಂದು 52ರಲ್ಲಿ 27 ಕಳೆದು 35 ಎಂದು ಬರೆಯಿತು ಎನ್ನಿ. ಕೆಂಪು ಶಾಯಿಯಲ್ಲಿ ಗೀಟು ಹಾಕಿದರೆ ಅಲ್ಲಿಗೆ ಮುಗಿಯಿತು. ಆದರೆ ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಮಗು ಏಳರಲ್ಲೇ ಎರಡು ಕಳೆದಿದೆ ಎಂದು ಗುರುತಿಸುವ ಶಿಕ್ಷಕರು ಹತ್ತತ್ತು ಕಡ್ಡಿಗಳ ಕಟ್ಟು ತರುತ್ತಾರೆ. ಒಂದು ಕಟ್ಟು ಬಿಚ್ಚಿದರೆ ಎರಡು ಬಿಡಿ ಕಡ್ಡಿ ಹನ್ನೆರಡಾಗುತ್ತವೆ, ಕಟ್ಟುಗಳು ನಾಲ್ಕು ಉಳಿಯುತ್ತವೆ. ಮಗು ಏಳು ಕಡ್ಡಿ ತೆಗೆದು, ಎರಡು ಕಟ್ಟು ಬದಿಗಿಟ್ಟು ಇಪ್ಪತ್ತೈದನ್ನು ತಾನೇ ಎಣಿಸುತ್ತದೆ. ಪೂರ್ವ ಪರೀಕ್ಷೆ ಇರುವುದು ಇದಕ್ಕಾಗಿಯೇ.

ಕೊರತೆ ಇರುವುದು ವೇಳಾಪಟ್ಟಿಯಲ್ಲಿ. ಶಾಲೆ ತೆರೆದ ದಿನದಿಂದ ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು. ಅಷ್ಟರೊಳಗೆ ಎಲ್ಲ ಮಕ್ಕಳೂ ಬೆಂಚಿನ ಮೇಲೆ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ. ನಮ್ಮ ಜಿಲ್ಲೆಯ ಬದುಕು ಹಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹೊರಡುವುದು ಮುನಿರಾಬಾದಿನಿಂದ. ಅದರ ನೀರು ಹರಿದ ಗಂಗಾವತಿ ಕಡೆ ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾದ ಬಹುಪಾಲು ಎರೆ, ಮಸಾರಿ ಹೊಲಗಳು ಮುಗಿಲು ನೋಡುತ್ತವೆ. ಅಲ್ಲಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ದುಡಿಯಲು ಗುಳೆ ಹೋದ ಕುಟುಂಬಗಳಲ್ಲಿ ಕೆಲವು ಮರಳುವುದು ಮಳೆ ಬಿದ್ದ ಸುದ್ದಿ ಕೇಳಿದ ಮೇಲೆ. ಆ ಮಕ್ಕಳು ತರಗತಿಯ ಬಾಗಿಲಿಗೆ ಬರುವ ಹೊತ್ತಿಗೆ ಸಾಫಲ್ಯ ಪರೀಕ್ಷೆ ಮುಗಿದು, ಹೊಸ ಪುಸ್ತಕದ ಮೊದಲ ಪಾಠ ಅರ್ಧ ಆಗಿರುತ್ತದೆ. ಯಾರಿಗೆ ಸೇತುಬಂಧ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಅದು ಸಿಗುವುದಿಲ್ಲ.

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಎಂಬ ಬೋಧನಾ ಕ್ರಮದಲ್ಲಿ ಮಗು ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲನ್ನು ತನ್ನ ವೇಗದಲ್ಲಿ ಏರುತ್ತದೆ. ನಡುವೆ ಗೈರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮೂರನೇ ತರಗತಿಯವರೆಗೆ ಇರುವ ಈ ಅನುಕೂಲ ನಾಲ್ಕಕ್ಕೆ ಕಾಲಿಟ್ಟೊಡನೆ ನಿಲ್ಲುತ್ತದೆ. ಮುಂದೆ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಸೇತುಬಂಧ ನಲಿ-ಕಲಿಯಿಂದ ಕಲಿಯಬೇಕಾದದ್ದು ಇದನ್ನೇ: ಮಗು ಯಾವ ದಿನ ಬಂದರೂ ಆ ದಿನದಿಂದ ಅದರ ಸೇತುಬಂಧ ಶುರುವಾಗಲಿ.

ಇನ್ನೊಂದು ಕೊರತೆ, ಮಗು ತರಗತಿಗೆ ಒಗ್ಗುವ ಮೊದಲೇ ಪ್ರಶ್ನೆಪತ್ರಿಕೆ ಎದುರಾಗುವುದು. ಹೊಸ ಶಿಕ್ಷಕರು, ಹೊಸ ಕೋಣೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗಂಗಾವತಿಯ ಎಷ್ಟೋ ಕ್ಯಾಂಪುಗಳಲ್ಲಿ ತೆಲುಗು. ಬಾಯಿ ಬಿಡಲು ಅಂಜುವ ಮಗು ಹಾಳೆಯನ್ನು ಖಾಲಿ ಬಿಟ್ಟರೆ ಅದು ಕಲಿತಿಲ್ಲ ಎಂದು ದಾಖಲಾಗುತ್ತದೆ. ಬದಲಿಗೆ ಅಕ್ಕೋರು ಪಕ್ಕಕ್ಕೆ ಕೂರಿಸಿಕೊಂಡು, "ಬಾರಪಾ, ಎಲ್ಲಿದ್ರಿ ಇಷ್ಟ ದಿನ? ನಿಮ್ಮಪ್ಪ ಒಂದ್ ಸಲಕ್ಕ ಎಷ್ಟ ಇಟ್ಟಂಗಿ ಹೊರತಾನ?" ಎಂದು ಕೇಳಲಿ. ಎಂಟು ಎಂದರೆ, "ಹಂಗಾದ್ರ ಐದ್ ಸಲಕ್ಕ?" ಎನ್ನಲಿ. ನಲವತ್ತು ಎಂಬ ಉತ್ತರ ಬಂದರೆ ಗುಣಾಕಾರವೂ ಗೊತ್ತಾಯಿತು, ಮಗುವಿನ ಭಯವೂ ಬಿಟ್ಟಿತು. ಮೊದಲ ವಾರ ಇಂಥ ಮಾತಿಗೆ, ಆಟಕ್ಕೆ, ಜೊತೆಗಾರರನ್ನು ಹೊಂದಿಸುವುದಕ್ಕೆ ಮೀಸಲಾಗಲಿ. ಬರವಣಿಗೆಯ ಪರೀಕ್ಷೆ ಆಮೇಲೆ ಬರಲಿ. ಈಗ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಕ್ರೋಡೀಕರಣ ಎಂದು ಶಿಕ್ಷಕರ ಸಮಯ ಕಾಗದಕ್ಕೇ ಹೋಗುತ್ತದೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗೆ ಅದು ಮಕ್ಕಳಿಂದ ಕಸಿದ ಸಮಯ.

ದೊಡ್ಡ ಬದಲಾವಣೆ ಆಗದ ಮಾತು ಎಂದು ಯಾರೂ ಹೇಳಬಾರದು. 2002ರ ಜೂನ್‌ನಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ರಾಜ್ಯದಲ್ಲಿ ಮೊದಲು ಬಂದದ್ದು ಕೊಪ್ಪಳ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಿಗೆ. ಇಲ್ಲಿ ಶುರುವಾದ ಯೋಜನೆ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಶಾಲೆಯಿಂದ ಹೊರಗುಳಿದಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಗುಳೆಯಿಂದ ಮರಳಿದ ಮಗುವಿಗೆ ಇದೇ ನ್ಯಾಯ ಅನ್ವಯಿಸಬೇಕು.

ನನ್ನ ತೀರ್ಮಾನ ಇಷ್ಟು: ಸೇತುಬಂಧದ ಉದ್ದೇಶ ಒಳ್ಳೆಯದು, ವಿಧಾನವೂ ಒಳ್ಳೆಯದು, ಅವಧಿ, ಕಾಗದದ ಹೊರೆ, ಪರೀಕ್ಷೆಯ ಆತುರ ಮಾತ್ರ ನಮ್ಮ ಜಿಲ್ಲೆಗೆ ಒಗ್ಗಿಲ್ಲ. ಅದನ್ನು ಆಗಸ್ಟ್‌ವರೆಗೆ ತೆರೆದಿಡಿ, ಕಾಗದ ಕಡಿಮೆ ಮಾಡಿ, ಮೊದಲ ವಾರವನ್ನು ಮಕ್ಕಳಿಗೆ ಬಿಟ್ಟುಕೊಡಿ. ಹೀಗೊಂದು ಕ್ರಮವನ್ನು ರೂಪಿಸಲು ಮುನಿರಾಬಾದಿನ ಡಯಟ್ ಮುಂದಾಗಲಿ. ಊರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪಾಲಕರು ಸುಮ್ಮನಿರಬಾರದು. ಪಕ್ಕದ ಮನೆಯವರು ದುಡಿಮೆಯಿಂದ ಮರಳಿದ ಮರುದಿನವೇ ಅವರ ಮಗುವನ್ನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗಿ.